ಎರಡನೆಯ ಡೋಲು

"ಎಷ್ಟು ಸಲ ಅಂತ ಅದನ್ನೇ ಓದ್ತೀರಿ?" ಎಂದು ವಿನೋದಾ ಗಂಡನ ತೋಳು ಎಳೆದಳು. ಹೊನ್ನಪ್ಪ ಕದಲಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳೆಯ ಡೋಲು, ಅದರ ಕೆಳಗೆ ಅರಬಿಯಲ್ಲೂ ಇಂಗ್ಲಿಷಿನಲ್ಲೂ ಅಂಗಾರನ ಅಪ್ಪನ ಹೆಸರು. ಊರಲ್ಲಿ ಆ ಮನುಷ್ಯನನ್ನು ಪೂರ್ತಿ ಹೆಸರು ಹಿಡಿದು ಕರೆದವರೇ ಇರಲಿಲ್ಲ.

ಗಲ್ಫ್ ದೇಶದ ಸೂರ್ ಪಟ್ಟಣದ ಆ ಪುಟ್ಟ ಸಂಗೀತ ಮ್ಯೂಸಿಯಂನಲ್ಲಿ ಅಂದು ಸಮುದಾಯ ದಿನ. ಹಕ್ಕುಗಳಿಗಾಗಿ ಹೋರಾಡಿದ ಜನರ ವಾದ್ಯಗಳಿಗೆ ಗೌರವ, ನಿಮ್ಮಲ್ಲಿದ್ದರೆ ತನ್ನಿ ಎಂದು ಕೇಳಿದ್ದರು. ರಜೆಗೆ ಊರಿಗೆ ಹೋಗಿದ್ದ ಅಂಗಾರ ಅಪ್ಪನ ಡೋಲನ್ನು ಲುಂಗಿಯಲ್ಲಿ ಸುತ್ತಿ ತಂದಿದ್ದ. ಅವನೂ ಹೊನ್ನಪ್ಪನೂ ಒಂದೇ ಕೊರಗರ ಕೇರಿಯವರು. ಇಲ್ಲಿ ಗ್ಯಾಸ್ ಪ್ಲಾಂಟಿನಲ್ಲೂ ಒಂದೇ ಶಿಫ್ಟು.

ಸುಳ್ಳು ಯಾಕೆ, ಹೊನ್ನಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ಊರ ಧಣಿಗಳ ಗುತ್ತಿನ ಮನೆಯ ಕಂಬಳಕ್ಕೆ ಇನ್ನು ಬಿಟ್ಟಿ ಡೋಲು ಬಡಿಯುವುದಿಲ್ಲ ಎಂದು ಕೇರಿಯಲ್ಲಿ ಮೊದಲು ಎದ್ದು ನಿಂತವನು ಅವನ ಅಪ್ಪ. ಡೋಲನ್ನು ಹೊಳೆಗೆ ಎಸೆದು ಬಂದಿದ್ದ. ಪೆಟ್ಟು ತಿಂದ, ಕೂಲಿ ಸಿಗದೆ ಮನೆಮಂದಿಯ ಜೊತೆ ಉಪವಾಸ ಬಿದ್ದ. ಅಂಗಾರನ ಅಪ್ಪ ತಲೆ ತಗ್ಗಿಸಿ ಹೋಗಿ ಬಡಿದು ಬರುತ್ತಿದ್ದ. ಈಗ ನೋಡಿದರೆ ತಗ್ಗಿದವನ ಡೋಲಿಗೆ ಗಾಜು, ದೀಪ, ಹೆಸರು! ಎಸೆದವನದ್ದು ಅಂತ ಏನು ತಂದಿಡುವುದು? ಹೊಳೆಯ ನೀರನ್ನೇ?

"ಹಕ್ಕು ಕೇಳಿದ್ದು ಯಾರು, ಪೆಟ್ಟಿಗೆಯಲ್ಲಿ ಕೂತದ್ದು ಯಾರು!"

"ಮೆಲ್ಲ ಮಾತಾಡಿ ಮಾರಾಯ್ರೆ. ಅಂಗಾರ ಬರ್ತಾ ಇದ್ದಾನೆ."

ಅಂಗಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. "ಹೊನ್ನಪ್ಪಣ್ಣ, ನೀವು ಮುಂದೆ ಕೂತ್ಕೊಳ್ಳಿ. ನಾನು ಬಡಿಯುವಾಗ ನೀವು ಕಾಣ್ತಾ ಇರ್ಬೇಕು."

"ನಾನೆಂತಕ್ಕೆ? ಇವತ್ತು ನಿನ್ನದೇ ದರ್ಬಾರು ಅಲ್ವಾ, ನಡೆಸು."

ಅಂಗಾರನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಮ್ಯೂಸಿಯಂನ ಹೆಂಗಸು "ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಅವಸರಪಡಿಸುತ್ತ ಬಂದು ಪೆಟ್ಟಿಗೆ ತೆರೆದು ಡೋಲನ್ನು ಅವನ ಕೈಗಿತ್ತಳು. ಹೊನ್ನಪ್ಪ ಹಟ ಹಿಡಿದವನಂತೆ ಹೋಗಿ ಕೊನೆಯ ಸಾಲಿನಲ್ಲಿ ಕೂತ.

ಮೈಕಿನ ಮುಂದೆ ಅಂಗಾರ ತನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದ, ಆ ಹೆಂಗಸು ಅದನ್ನು ಅರಬಿಯಲ್ಲಿ ಹೇಳಿದಳು.

"ಇದು ಎರಡು ಡೋಲಿನ ಬಡಿತ. ಒಂದು ಕರೀಬೇಕು, ಇನ್ನೊಂದು ಓಗೊಡಬೇಕು. ಒಂದು ವರ್ಷ ಎರಡನೆಯವರು ಬರಲಿಲ್ಲ. ಇನ್ನು ಬರುವುದೇ ಇಲ್ಲ ಅಂದುಬಿಟ್ಟರು. ನನ್ನ ಅಪ್ಪನಿಗೆ ಅಷ್ಟು ಧೈರ್ಯ ಇರಲಿಲ್ಲ, ಒಬ್ಬನೇ ಹೋದ. ಅವರ ಪಾಲನ್ನೂ ನೀನೇ ಬಡಿ ಅಂತ ಧಣಿಗಳು ಹೇಳಿದರೂ ಅಪ್ಪ ಬಡಿಯಲಿಲ್ಲ. ಸಾಯುವವರೆಗೂ ಅವರು ಓಗೊಡುವಷ್ಟು ಹೊತ್ತು ಜಾಗ ಬಿಟ್ಟೇ ಬಡಿದ. ನನಗೂ ಹಾಗೆಯೇ ಕಲಿಸಿದ."

ವಿನೋದಾ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೂ ಈ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಡೋಲು ಸದ್ದು ಮಾಡಿತು. ಒಮ್ಮೆ ಜೋರಾಗಿ ಕರೆದು ನಿಂತಿತು. ಮತ್ತೆ ಕರೆಯಿತು, ಮತ್ತೆ ನಿಂತಿತು. ಮೂರನೆಯ ಸಲ ತುಂಬ ಹೊತ್ತು ಬಡಿದು ಅಂಗಾರ ಕೈ ಮೇಲೆತ್ತಿ ಹಿಡಿದ. ಎಲ್ಲ ಮುಗಿಯಿತೆಂದು ಸಭೆ ಚಪ್ಪಾಳೆ ತಟ್ಟಿತು. ವಿನೋದಾಳೂ ತಟ್ಟತೊಡಗಿದಳು.

ಹೊನ್ನಪ್ಪ ಅವಳ ಎರಡೂ ಕೈ ಹಿಡಿದುಕೊಂಡ.

"ತಡಿ," ಎಂದ. "ಈಗ ಅಪ್ಪನದ್ದು."

ಡೋಲು ಮತ್ತೆ ಶುರುವಾಗುವವರೆಗೂ ಅವನು ಆ ಕೈಗಳನ್ನು ಬಿಡಲಿಲ್ಲ.