ಕಾಲೇಜಿನ ಹಿತ್ತಲು

ನಮ್ಮ ಮನೆತನದ ಹೆಣ್ಣುಮಕ್ಕಳನ್ನು ಯಾವ ಮನೆಗೆ ಕೊಡಬೇಕು ಎಂದು ತೀರ್ಮಾನ ಮಾಡುತ್ತಿದ್ದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ ಪಿಳ್ಳಮ್ಮ. ಗಂಡ ತೀರಿಕೊಂಡ ಮೇಲೆ ದೊಡ್ಡಬೆಳವಂಗಲದ ನಮ್ಮ ಮನೆಗೇ ಬಂದು ನೆಲೆಸಿದ್ದಳು. ಅಕ್ಕಂದಿರು, ದಾಯಾದಿಗಳ ಹುಡುಗಿಯರು, ಎಲ್ಲರಿಗೂ ಗಂಡಿನ ಮನೆ ನೋಡಿಕೊಂಡು ಬಂದವಳು ಅವಳೇ. ಹಾಗಾಗಿ 1997ರಲ್ಲಿ ಪರಿಸರ ವಿಜ್ಞಾನದ ಬಿ.ಎಸ್ಸಿ.ಗೆ ನನಗೆ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿದಾಗ, ಎರಡನ್ನೂ ಅಕ್ಕನೇ ನೋಡಿ ಹೇಳಲಿ ಎಂದು ಅಪ್ಪ ಅಂದದ್ದು ನನ್ನೊಬ್ಬಳನ್ನು ಬಿಟ್ಟು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅಮ್ಮನನ್ನು ಯಾರೂ ಕೇಳಲಿಲ್ಲ. ಅಮ್ಮನನ್ನು ಒಪ್ಪಿ ಈ ಮನೆಗೆ ತಂದವಳೂ ಅತ್ತೆಯೇ ಆಗಿದ್ದರಿಂದ ಆ ವಿಷಯ ಅಲ್ಲಿಗೇ ಮುಗಿದಿತ್ತು.

ಒಂದು ಕಾಲೇಜು ದೊಡ್ಡಬಳ್ಳಾಪುರದಲ್ಲಿತ್ತು. ಅಲ್ಲಿಗೆ ಸೇರಿದರೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರಿ ಹಸುಗಳಿಗೆ ಹುಲ್ಲು ಹಾಕಬೇಕು. ವರ್ಷ ತುಂಬುವುದರೊಳಗೆ ಅತ್ತೆ ನನಗೂ ಒಂದು ಮನೆ ನೋಡಲು ಹೊರಡುವುದು ಖಂಡಿತ. ಇನ್ನೊಂದು ಬೆಂಗಳೂರಿನಲ್ಲಿತ್ತು, ಅದಕ್ಕೆ ಹಾಸ್ಟೆಲ್ ಇತ್ತು. ಸುಳ್ಳೇಕೆ ಹೇಳಲಿ, ಆಗ ನನಗೆ ಬೇಕಾಗಿದ್ದದ್ದು ಪರಿಸರವಲ್ಲ, ಮೂರು ವರ್ಷ ಮನೆಯಿಂದ ದೂರ ಇರುವುದು.

ಅಪ್ಪನನ್ನು ನಂಬಿಕೊಳ್ಳುವ ಹಾಗಿರಲಿಲ್ಲ. ಊರಿನ ಹಾಲಿನ ಡೈರಿಗೆ ಸೆಕ್ರೆಟರಿಯಾಗಿದ್ದ ನಮ್ಮಪ್ಪ ವೆಂಕಟರಾಯಪ್ಪ, ಹಾಲಿಗೆ ನೀರು ಬೆರೆಸಿ ತಂದವರ ಮುಂದೆ ತಾನೇ ತಲೆ ತಗ್ಗಿಸುತ್ತಿದ್ದ ಮನುಷ್ಯ. ಅಕ್ಕನಿಗೆ ಎದುರು ಹೇಳುವುದಂತೂ ದೂರದ ಮಾತು.

ಮನೆ ನೋಡುವುದಕ್ಕೆ ಅತ್ತೆಯದೇ ಕಟ್ಟುಪಾಡುಗಳಿದ್ದವು. ಮುಂಚೆ ತಿಳಿಸದೆ ಹೋಗಬೇಕು. ಮೊದಲು ಅಕ್ಕಪಕ್ಕದವರನ್ನು ವಿಚಾರಿಸಬೇಕು. ಕುಡಿಯಲು ನೀರು ಕೇಳಬೇಕು, ಆ ನೆಪದಲ್ಲಿ ಹಿತ್ತಲು ನೋಡಬೇಕು. ಬೀದಿ ಬಾಗಿಲನ್ನು ಯಾರು ಬೇಕಾದರೂ ಸಾರಿಸಿ ಇಟ್ಟುಕೊಂಡಿರುತ್ತಾರೆ, ಮನೆಯ ಯೋಗ್ಯತೆ ತಿಳಿಯುವುದು ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿದಾಗಲೇ ಎನ್ನುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾಗಿ, ಒಪ್ಪಿಗೆಯಾಗುವ ತನಕ ಆ ಮನೆಯಲ್ಲಿ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವಂತಿಲ್ಲ. ತಿಂದರೆ ಮಾತು ಕೊಟ್ಟ ಹಾಗೆ, ಆಮೇಲೆ ಹಿಂದೆ ಸರಿಯುವುದು ಮರ್ಯಾದಸ್ಥರ ಕೆಲಸವಲ್ಲ.

ಅತ್ತೆ, ಅಪ್ಪ, ನಾನು ಮೂವರೂ ಮೊದಲು ಹೋದ ದೊಡ್ಡಬಳ್ಳಾಪುರದ ಕಾಲೇಜು ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಅಂಗಳ ಗುಡಿಸಿತ್ತು, ಹಿಂದೆ ಸಾಲಾಗಿ ಹೊಂಗೆ ಮರಗಳಿದ್ದವು, ನೀರು ಸಿಹಿಯಾಗಿತ್ತು. ಪರಿಸರ ವಿಜ್ಞಾನದ ಕೋಣೆಯ ಬೀಗ ತೆಗೆಸಿ ತೋರಿಸಿದರು. ಒಳಗೆ ಗೋಡೆಯ ಮೇಲೆ ಹುಲಿಯ ಕ್ಯಾಲೆಂಡರ್ ಇತ್ತು, ಬೆಂಚುಗಳಿದ್ದವು, ಮತ್ತೇನೂ ಇರಲಿಲ್ಲ. ಹೆಣ್ಣುಮಕ್ಕಳು ಹೊರಗೆಲ್ಲೂ ಓಡಾಡಬೇಕಾಗಿಲ್ಲ, ಪೂರ್ತಿ ನೋಟ್ಸ್ ಬರೆಸಿಬಿಡುತ್ತೇವೆ ಎಂದು ಪ್ರಿನ್ಸಿಪಾಲರು ಭರವಸೆ ಕೊಟ್ಟರು. ಅತ್ತೆಯ ಮುಖ ಅರಳಿತು. ಬಿಸಿ ಉದ್ದಿನ ವಡೆ ತರಿಸಿದರು. ಅತ್ತೆಯ ಕೈ ತಟ್ಟೆಯ ಕಡೆ ಹೋಗುತ್ತಿತ್ತು. ಇನ್ನೊಂದನ್ನು ನೋಡದೆ ತಿನ್ನಬಹುದಾ ಅತ್ತೆ ಎಂದು ಮೆತ್ತಗೆ ಕೇಳಿದೆ. ಕಟ್ಟುಪಾಡು ಅವಳದೇ. ಕೈ ಹಿಂದಕ್ಕೆ ತೆಗೆದುಕೊಂಡು ಬಸ್‌ಸ್ಟ್ಯಾಂಡ್ ಕಡೆ ಬಿರಬಿರನೆ ಹೊರಟಳು.

ಬೆಂಗಳೂರು ಮುಟ್ಟುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುವ ಹೊತ್ತಾಗಿತ್ತು. ಕಾಲೇಜಿನ ಗೇಟಿನ ಬಳಿ ಹೂ ಮಾರುತ್ತಿದ್ದ ಅಂಜಿನಮ್ಮ ಎಂಬಾಕೆಯನ್ನು ಅತ್ತೆ ವಿಚಾರಿಸಿದಳು. ನಾತ ಒಂದು ಬಿಟ್ಟರೆ ಒಳ್ಳೆಯ ಕಾಲೇಜು ಎಂದು ಆಕೆ ಸರ್ಟಿಫಿಕೇಟ್ ಕೊಟ್ಟಳು. ಆ ನಾತ ಅಷ್ಟರಲ್ಲಾಗಲೇ ನಮ್ಮನ್ನು ಬರಮಾಡಿಕೊಂಡಿತ್ತು.

ಹಿತ್ತಲಲ್ಲಿ ಒಂದು ಕೆರೆ ಇತ್ತು. ಕೆರೆ ಎಂದು ಹಳೆಯ ಅಭ್ಯಾಸಕ್ಕೆ ಕರೆಯುತ್ತಿದ್ದರೋ ಏನೋ, ಸುತ್ತಲಿನ ಬಡಾವಣೆಗಳ ಬಚ್ಚಲೆಲ್ಲ ಬಂದು ಸೇರುತ್ತಿದ್ದದ್ದು ಅದಕ್ಕೇ. ಕಪ್ಪು ನೀರು, ಅಂಚಿನಲ್ಲಿ ನೊರೆ. ಅದರೊಳಗೆ ಮೊಣಕಾಲುದ್ದ ಇಳಿದು ನಾಲ್ಕಾರು ಹುಡುಗಿಯರು ಬಾಟಲಿಗಳಿಗೆ ನೀರು ತುಂಬುತ್ತಿದ್ದರು. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಲ್ಲೇ ನಿಂತಳು. ಮನೆ ನೋಡುವ ಇಷ್ಟು ವರ್ಷಗಳ ಅನುಭವದಲ್ಲಿ ಇಂಥ ಹಿತ್ತಲು ಅವಳಿಗೆ ಎದುರಾಗಿರಲಿಲ್ಲ.

ಒಬ್ಬ ಹುಡುಗಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ಇದರಲ್ಲಿ ಇನ್ನೂ ಮೀನು ಬದುಕಿದೆ ಎನ್ನುತ್ತಿದ್ದಳು. ಇನ್ನೊಬ್ಬಳು ಸಾಧ್ಯವೇ ಇಲ್ಲ ಎಂದು ಜಗಳಕ್ಕೆ ನಿಂತಿದ್ದಳು. ಕಾಲಿಗೆಲ್ಲ ಕೆಸರು ಮೆತ್ತಿಕೊಂಡಿದ್ದ ಮೇಡಂ ಇಬ್ಬರನ್ನೂ ಸುಮ್ಮನಾಗಿಸದೆ, ನಾಳೆ ಸಾಬೀತು ಮಾಡಿ ಎಂದರು. ನನಗೆ ಹಾಸ್ಟೆಲ್ಲು ಮರೆತೇ ಹೋಯಿತು. ಇವರಲ್ಲಿ ಯಾರು ಗೆದ್ದರು ಎಂದು ತಿಳಿಯದೆ ಊರಿಗೆ ಹೋಗಿ ಹುಲಿಯ ಕ್ಯಾಲೆಂಡರಿನ ಕೆಳಗೆ ಕೂತು ನೋಟ್ಸ್ ಬರೆಯುವುದನ್ನು ನೆನೆಸಿಕೊಂಡರೇ ಅಳು ಬಂತು.

ಅತ್ತೆ ತೀರ್ಪು ಕೊಟ್ಟಾಗಿತ್ತು.

"ನಡೀ ಎಂಕಟ. ಹಿತ್ತಲು ಹಿಂಗಿಟ್ಕೊಂಡಿರೋರು ಇವ್ಳಿಗೇನು ಪರಿಸರ ಹೇಳ್ಕೊಡ್ತಾರೆ."

"ಅತ್ತೆ, ಅಲ್ಲಿ ಹಿತ್ತಲು ಚೆನ್ನಾಗೈತೆ. ಅಲ್ಲಿ ನಾನು ಕಲಿಯೋಕೇನೈತೆ?" ಎಂದೆ.

ಅತ್ತೆ ದೊಡ್ಡಬಳ್ಳಾಪುರದವರಿಗೆ ಇವತ್ತೇ ಹೇಳಿಬಿಡಬೇಕು ಎನ್ನುತ್ತ ಗೇಟಿನ ದಾರಿ ಹಿಡಿದಳು. ಅಪ್ಪ ಎಂದಿನಂತೆ ಅವಳ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದ. ದಾರಿಯಲ್ಲಿ ಕ್ಯಾಂಟೀನ್ ಇತ್ತು. ನನಗೆ ಏನು ಹೊಳೆಯಿತೋ, ಒಳಗೆ ನುಗ್ಗಿ ಒಂದು ಪ್ಲೇಟ್ ರೈಸ್‌ಬಾತ್ ತೆಗೆದುಕೊಂಡು ಬಂದು ಅಪ್ಪನ ಕೈಯಲ್ಲಿಟ್ಟೆ.

ಅಪ್ಪ ಪ್ಲೇಟ್ ನೋಡಿದ. ನನ್ನನ್ನು ನೋಡಿದ. ಮುಂದೆ ಹೋಗುತ್ತಿದ್ದ ಅಕ್ಕನ ಬೆನ್ನನ್ನು ನೋಡಿದ. ಹೋಟೆಲ್ ತಿಂಡಿ ಮುಟ್ಟಿದರೆ ಎದೆ ಉರಿಯುತ್ತದೆ ಎಂದು ಮದುವೆಮನೆಗೂ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಮನುಷ್ಯ, ನಿಂತ ನಿಲುವಿನಲ್ಲೇ ಒಂದು ದೊಡ್ಡ ತುತ್ತು ತೆಗೆದು ಬಾಯಿಗೆ ಹಾಕಿಕೊಂಡ. ನಾವು ಹಿಂದೆ ಬರದಿದ್ದುದಕ್ಕೆ ಅತ್ತೆ ತಿರುಗಿದಳು.

"ತಿಂದ್ಬಿಟ್ಟೆ ಕಣಕ್ಕ," ಎಂದ ಅಪ್ಪ, ಬಾಯಿ ತುಂಬ ಅನ್ನ ಇಟ್ಟುಕೊಂಡು.

ಅವನು ಅಕ್ಕನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತೆ ಬೈಯಲಿಲ್ಲ. ತಮ್ಮನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿ, ಬೆಂಚಿನ ಮೇಲೆ ಕೂತು ತನಗೂ ಒಂದು ಪ್ಲೇಟ್ ತರಲು ಹೇಳಿದಳು. ಉಪ್ಪು ಕಮ್ಮಿ ಎಂದು ಬೈದುಕೊಂಡೇ ಪೂರ್ತಿ ತಿಂದಳು. ಹೊರಡುವ ಮುಂಚೆ ಮೇಡಂ ಅವರನ್ನು ಹುಡುಕಿಕೊಂಡು ಹೋಗಿ, ಹುಡುಗಿಗೆ ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಬೇಕು, ಗುಡುಗಿದರೆ ಹೆದರುತ್ತಾಳೆ ಎಂದೆಲ್ಲ ಹೇಳಿ ನನ್ನನ್ನು ಒಪ್ಪಿಸಿದಳು. ಮೇಡಂ ತಬ್ಬಿಬ್ಬಾಗಿ ಎಲ್ಲದಕ್ಕೂ ಹೂಂಗುಟ್ಟಿದರು.

ಕೆರೆಗೆ ಇಳಿದ ಮೊದಲ ದಿನವೇ ನಾನು ವಾಂತಿ ಮಾಡಿಕೊಂಡೆ. ಆ ವಾರವೆಲ್ಲ ಕೈ ತೊಳೆದಷ್ಟೂ ಅದೇ ವಾಸನೆ, ಊಟ ಸೇರಲಿಲ್ಲ. ಶನಿವಾರ ಊರಿಗೆ ಬಂದಾಗ ಅತ್ತೆ ಜಗಲಿಯ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಹೆಂಗೈತೆ ಎಂದು ಕೇಳಿದಳು. ಇಷ್ಟೆಲ್ಲ ರಂಪ ಮಾಡಿ ಸೇರಿದ ಮೇಲೆ ಏನೆಂದು ಹೇಳುವುದು? ಚೆನ್ನಾಗೈತೆ ಅತ್ತೆ ಎಂದೆ.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ.

"ನಾನು ನೋಡಿ ಕೊಟ್ಟ ಹುಡುಗೀರೆಲ್ಲ ಮೊದಲ ಸಲ ತವರಿಗೆ ಬಂದಾಗ ಹಂಗೇ ಅಂದ್ರು ಕಣಮ್ಮ," ಎಂದಳು. "ನೀನಾದ್ರೂ ನೀನೇ ನೋಡಿ ಒಪ್ಕೊಂಡೆ."