ಕಿವಿ ಮೇಸ್ತ್ರಿ

"ಹೋಯ್ತು ನೋಡಿ," ಎಂದು ಮೇಸ್ತ್ರಿ ಬಾನೆಟ್ ಮುಚ್ಚಿ ಕೈ ಒರೆಸಿಕೊಂಡ. "ಎಣ್ಣೆ ಕಮ್ಮಿಯಾಗಿತ್ತು, ತುಂಬಿಸಿದೀನಿ. ಇನ್ನು ನಿಮ್ಮ ಸ್ಟೀರಿಂಗು ಪಿಟ್ಟೆನ್ನಲ್ಲ."

ಔಷಧಿ ಅಂಗಡಿಯವನು ಕಾರಿನೊಳಗೆ ಕೂತು ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದ. ಹಲ್ಲಿನಡಿ ಕಲ್ಲುಪ್ಪು ಅರೆದ ಹಾಗೆ ಗರಗರ ಎಂದಿತು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯ ಹೆಂಡತಿಗೆ ಹತ್ತು ಹೆಜ್ಜೆ ದೂರದಿಂದಲೂ ಅದು ಸರಿಯಾಗಿಯೇ ಕೇಳಿಸಿತು. ಇನ್ನು ಒಳಗೆ ಕೂತವನಿಗೆ ಕೇಳಿಸದೆ ಇರುತ್ತದೆಯೇ? ಅವನು ಹುಬ್ಬು ಗಂಟಿಕ್ಕಿದ. ಮೇಸ್ತ್ರಿಯ ಮುಖ ನೋಡಿದ. ಆಮೇಲೆ, "ಹೌದು ಹೌದು, ಎಷ್ಟೋ ಕಮ್ಮಿಯಾಗಿದೆ," ಅಂದುಬಿಟ್ಟ!

ಅನ್ನದೆ ಏನು ಮಾಡಿಯಾನು? ಊರಿಗೆಲ್ಲ ಇವನು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಂತನೆಂದರೆ ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಆ ಕಿವಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅಂಥವನು ಶಬ್ದ ಇಲ್ಲ ಅಂದಮೇಲೆ ಗಿರಾಕಿಗಳು ತಮ್ಮ ಕಿವಿಯನ್ನೇ ಅನುಮಾನಿಸುತ್ತಿದ್ದರು.

ಆ ಕಿವಿ ಮಂದವಾಗಿ ಎರಡು ವರ್ಷವಾಗುತ್ತ ಬಂದಿತ್ತು. ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೆ. ಗೊತ್ತಾಗಿದೆ ಎಂದು ಅವಳು ಹೇಳಿರಲಿಲ್ಲ, ಅವನೂ ಬಾಯಿ ಬಿಟ್ಟಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರ ನಡುವೆ ಎಂಥ ನಾಟಕ ಅದು! ಗಿರಾಕಿ ಬಂದಾಗ ಅವಳು ಏನೋ ನೆಪ ಮಾಡಿಕೊಂಡು ಪಕ್ಕಕ್ಕೆ ಬಂದು ನಿಲ್ಲುವಳು. "ಓ, ತಿರುಗಿಸುವಾಗ ಗರಗರ ಅನ್ನುತ್ತಾ?" ಎಂದು ಗಿರಾಕಿಯ ಮಾತನ್ನೇ ಗಂಡನ ಮುಖಕ್ಕೆ ಮುಖ ಕೊಟ್ಟು ಇನ್ನೊಮ್ಮೆ ಆಡುವಳು. ಅವನು ಅವಳ ತುಟಿ ನೋಡಿ ತಲೆಯಾಡಿಸುವನು. ಜನರ ಮಾತನ್ನು ಹೇಗೋ ಹೀಗೆ ದಾಟಿಸುತ್ತಿದ್ದಳು. ಗಾಡಿಯ ಮಾತನ್ನು ದಾಟಿಸುವುದು ಹೇಗೆಂದು ಅವಳಿಗೂ ತಿಳಿಯದು.

"ನಾಳೆ ಅಮ್ಮನ್ನ ಕಣ್ಣಿನ ಆಪರೇಷನ್ನಿಗೆ ಕರ್ಕೊಂಡು ಬೆಟ್ಟ ಇಳೀಬೇಕು ಅಕ್ಕಾ," ಎಂದ ಅಂಗಡಿಯವನು. "ಆ ತಿರುವುಗಳನ್ನ ನೆನೆಸ್ಕೊಂಡ್ರೇ ಭಯ ಆಗುತ್ತೆ. ಮೇಸ್ತ್ರಿ ನೋಡಿದ್ದಾರೆ ಅಂದ್ಮೇಲೆ ಚಿಂತೆ ಇಲ್ಲ ಬಿಡಿ."

ಮೇಸ್ತ್ರಿಯ ಹೆಂಡತಿ ಶೆಡ್ಡಿನೊಳಗಿನ ಗಡಿಯಾರ ನೋಡಿದಳು. ನಾಲ್ಕೂ ಇಪ್ಪತ್ತು. ದಿನಾ ನಾಲ್ಕಕ್ಕೆ ಲಾಂಡ್ರಿಯವಳು ಬೆಟ್ಟದ ಮೇಲಿನ ಹೋಟೆಲಿನ ಹಾಸುಹೊದಿಕೆಗಳನ್ನು ತುಂಬಿಕೊಂಡು ಇಳಿಯುವಳು. ಶೆಡ್ಡಿನ ಮುಂದೆ ಎರಡು ಸಲ ಹಾರ್ನ್ ಹೊಡೆದು, ಕೈ ಬೀಸಿ ಹೋಗುವಳು. ನಿನ್ನೆಯವರೆಗೂ ತಪ್ಪಿರಲಿಲ್ಲ. ಇವತ್ತು ಇನ್ನೂ ಹಾರ್ನ್ ಕೇಳಿಸಿರಲಿಲ್ಲ. ನಾಲ್ಕು ದಿನದ ಹಿಂದೆ ಅವಳ ವ್ಯಾನಿಗೂ ಇದೇ ಗರಗರ, ಇದೇ ಎಣ್ಣೆ, ಇದೇ "ಹೋಯ್ತು ನೋಡಿ". ಅವತ್ತು ವ್ಯಾನು ಗೇಟು ದಾಟುವಾಗ ಮೇಸ್ತ್ರಿಯ ಹೆಂಡತಿ ಇದೇ ಬಾಗಿಲಲ್ಲಿ ನಿಂತಿದ್ದಳು.

ಕಾರು ಸ್ಟಾರ್ಟ್ ಆಗಿ ಗೇಟಿನ ಕಡೆ ತಿರುಗಿತು. ಮತ್ತೆ ಗರಗರ.

ಯೋಚನೆ ಮಾಡುವ ಮೊದಲೇ ಅವಳ ಕಾಲು ಹೊರಟಿತ್ತು. ಗೇಟಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು. ಗಂಡನ ಕಡೆ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: "ರೀ, ಶಬ್ದ ಹಾಗೇ ಇದೆ."

ಮೇಸ್ತ್ರಿಯ ಮುಖ ಕೆಂಪೇರಿತು. "ಏನೇ ಇದು, ಗಿರಾಕಿ ಮುಂದೆ! ನೀನು ನಂಗೆ ಕೆಲಸ ಕಲಿಸೋಕೆ ಬಂದೆಯಾ? ಒಳಗೆ ನಡಿ."

"ಹೋಗಲ್ಲ. ನಿಮಗೆ ಕೇಳಿಸ್ತಿಲ್ಲ ರೀ. ನಂಗೂ ಗೊತ್ತು, ನಿಮಗೂ ಗೊತ್ತು."

ಅಂಗಡಿಯವನು ಎಂಜಿನ್ ಆರಿಸಿ ಸ್ಪೀಡೋಮೀಟರಿನ ಮುಳ್ಳನ್ನೇ ನೋಡುತ್ತ ಕೂತ. ಪಾಪ, ಗಂಡಹೆಂಡಿರ ನಡುವೆ ಸಿಕ್ಕಿಕೊಂಡವನು ಇನ್ನೆಲ್ಲಿ ನೋಡಬೇಕು? ಕೊನೆಗೆ, "ನಿಜ ಹೇಳ್ಬೇಕು ಅಂದ್ರೆ ನಂಗೂ ಕೇಳಿಸ್ತು. ನೀವು ಇಲ್ಲ ಅಂದ್ರಲ್ಲ ಮೇಸ್ತ್ರಿ, ಅದಕ್ಕೇ..." ಎಂದು ಗೊಣಗಿದ.

ಮೇಸ್ತ್ರಿ ಅಭ್ಯಾಸದಂತೆ ಹೆಂಡತಿಯ ಮುಖ ನೋಡಿದ.

"ಅವರಿಗೂ ಕೇಳಿಸಿತಂತೆ," ಎಂದು ಅವಳು ದಾಟಿಸಿದಳು.

ಅವನು ಗೋಡೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ. "ನೀನು ಕೂತ್ಕೊಂಡು ತಿರುಗಿಸು," ಅಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

ಅಂಗಡಿಯವನು ಮತ್ತೆ ಎಂಜಿನ್ ಸ್ಟಾರ್ಟ್ ಮಾಡಿ, ಇಳಿದು ಅವಳಿಗೆ ಜಾಗ ಬಿಟ್ಟ. ಅವಳು ತಿರುಗಿಸಿದಳು. ಅವನು ಹಿಡಿಯನ್ನು ಕಿವಿಗೆ ಆನಿಸಲಿಲ್ಲ, ಹಲ್ಲಿನಲ್ಲಿ ಕಚ್ಚಿಕೊಂಡ. ತುದಿಯನ್ನು ಎಣ್ಣೆ ಪಂಪಿಗೆ ಒತ್ತಿದ. ತಲೆಯಲ್ಲಾಡಿಸಿದ, ಇಲ್ಲಿಲ್ಲ. ಚಕ್ರದ ಮೇಲಿನ ಬೇರಿಂಗಿಗೆ ಒತ್ತಿದ. ಅಲ್ಲೂ ಇಲ್ಲ. ಕೊನೆಗೆ ಬಂದು ಅವಳ ಕಾಲ ಬುಡದಲ್ಲಿ ತಲೆ ತೂರಿಸಿ, ಸ್ಟೀರಿಂಗ್ ಕಂಬಿ ಕೆಳಗಿನ ಕಂಬಿಗೆ ಸೇರುವ ಜಾಯಿಂಟಿಗೆ ಒತ್ತಿದ. ಅವಳು ತಿರುಗಿಸಿದಳು. ಗರಗರ ಹಲ್ಲಿಗೆ ಬಂದು ಅವನ ದವಡೆ ಅದುರಿತು. ಕಣ್ಣು ದೊಡ್ಡದಾಯಿತು.

ಬಿಚ್ಚಿ ಹೊರತೆಗೆಯುವಷ್ಟರಲ್ಲಿ ಐದು ದಾಟಿತ್ತು. ಅಂಗೈಯಗಲದ ಜಾಯಿಂಟು. ಅದರೊಳಗಿನ ಸೂಜಿಯಂಥ ರೋಲರುಗಳು ತುಕ್ಕು ಹಿಡಿದು ಕೆಂಪು ಪುಡಿಯಾಗಿ ಮೇಸ್ತ್ರಿಯ ಅಂಗೈ ಮೇಲೆ ಉದುರಿದವು. ಜಾಯಿಂಟಿನ ಕಿವಿಯಂಥ ಒಂದು ಕವಲಿನಲ್ಲಿ ಉಗುರು ತೂರುವಷ್ಟು ಬಿರುಕು.

"ಇನ್ನು ಹತ್ತಿಪ್ಪತ್ತು ತಿರುವು ಅಷ್ಟೇ," ಎಂದ. "ಆಮೇಲೆ ಸ್ಟೀರಿಂಗ್ ಒಂದು ಕಡೆ, ಚಕ್ರ ಒಂದು ಕಡೆ. ಅಮ್ಮನ್ನ ಬಸ್ಸಲ್ಲಿ ಕರ್ಕೊಂಡು ಹೋಗಿ ಸ್ವಾಮಿ. ಹೊಸದು ತರಿಸಿ ಹಾಕ್ತೀನಿ."

ಅಂಗಡಿಯವನು ಹಳೇ ಟೈರುಗಳ ಮೇಲೆ ಕುಸಿದು ಕೂತ.

ಮೇಸ್ತ್ರಿ ಅಂಗೈಯ ಪುಡಿಯನ್ನೇ ನೋಡುತ್ತಿದ್ದ. ಅವನಿಗೆ ನೆನಪಾದದ್ದು ಅವಳಿಗೆ ಅವನ ಮುಖದಲ್ಲೇ ಕಂಡಿತು. ಅಯ್ಯೋ, ನೆನಪಾಗದೆ ಇದ್ದಿದ್ದರೆ!

"ಲಾಂಡ್ರಿಯವಳ ವ್ಯಾನು," ಎಂದ. "ಅವತ್ತು ಹೋಗುವಾಗ ನೀನು ಬಾಗಿಲಲ್ಲಿದ್ದೆ. ಕೇಳಿಸ್ತಾ?"

ಇಲ್ಲ ಅಂದುಬಿಡಬಹುದಿತ್ತು. ಅವನು ಅವಳ ತುಟಿಯಿಂದ ಕಣ್ಣು ಕೀಳಲಿಲ್ಲ.

"ಕೇಳಿಸ್ತು."

"ಮತ್ತೆ ಯಾಕೇ ಹೇಳಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ," ಅನ್ನುವಷ್ಟರಲ್ಲಿ ಅವಳಿಗೆ ಅಳು ನುಗ್ಗಿ ಬಂತು. ಎಂಥ ಸಣ್ಣ ಕಾರಣ! ಆ ಲಾಂಡ್ರಿ ಹುಡುಗಿ ತನ್ನನ್ನು ಅಕ್ಕಾ ಅನ್ನುತ್ತಿದ್ದಳು.

ಅವನು ಬಯ್ಯಲಿಲ್ಲ. ತನ್ನ ಜೇಬಿನಿಂದ ಫೋನು ತೆಗೆದು ಅವಳ ಕೈಗಿಟ್ಟ. "ಮಾಡು," ಎಂದ. "ನಂಗೆ ಕೇಳಿಸಲ್ಲ."

ಎರಡು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಅವಳು ನಂಬರ್ ಒತ್ತಿ ಕಿವಿಗಿಟ್ಟುಕೊಂಡಳು.

"ಎತ್ತಿದ್ಲಾ?"

"ರಿಂಗ್ ಆಗ್ತಾ ಇದೆ."

ರಿಂಗ್ ಆಗಿ ಆಗಿ ನಿಂತಿತು. ಅವಳು ಮತ್ತೆ ಒತ್ತಿದಳು. ಮೇಸ್ತ್ರಿ ಜಾಯಿಂಟನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟು ದಾಟಿ ರಸ್ತೆಗೆ ಇಳಿದ. ನಡುರಸ್ತೆಯಲ್ಲಿ ನಿಂತು ಬೆಟ್ಟದ ಮೇಲಿಂದ ಇಳಿಯುವ ತಿರುವಿನ ಕಡೆ ನೋಡತೊಡಗಿದ. ಹಿಂದಿನಿಂದ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು, ಮತ್ತೂ ಹೊಡೆಯಿತು, ಕೊನೆಗೆ ಅವನನ್ನು ಬಳಸಿಕೊಂಡು ಮುಂದೆ ಹೋಯಿತು. ಅವನು ಅಲುಗಲಿಲ್ಲ. ತಿರುವಿನಲ್ಲಿ ಯಾವ ವ್ಯಾನೂ ಕಾಣಲಿಲ್ಲ. ಅವಳ ಕಿವಿಯಲ್ಲಿ ಫೋನು ರಿಂಗಾಗುತ್ತಲೇ ಇತ್ತು.