ಬೈನನ್ ಹೆಸರು ಹುಟ್ಟಿದ ದಿನ

ಈ ಕಣಿವೆಯ ತುಂಬ ಈಗ ಬೈನನ್‌ಗಳೇ. ಆ ಹೆಸರು ಹುಟ್ಟಿದ ದಿನ ನಾನು ಅಲ್ಲೇ ನಿಂತಿದ್ದೆ. ನನ್ನನ್ನು ಬಿಟ್ಟು ಹುಟ್ಟಿತು, ಅಷ್ಟೆ.

ಅದಕ್ಕೆ ಮುಂಚೆ ನಾವು ವೆಲ್ಷ್ ಜನ ಮನೆಹೆಸರು ಕಂಡವರಲ್ಲ. ನಾನು ಮೈರಿಗ್ ಅಬ್ ಐನಿಯನ್, ಅಂದರೆ ಐನಿಯನ್‌ನ ಮಗ. ಅವನು ಗ್ರೋನುವಿನ ಮಗ, ಗ್ರೋನು ಕಿನ್ರಿಗ್‌ನ ಮಗ, ಹೀಗೆ ಏಳು ತಲೆಮಾರು ಒಂದೇ ಉಸಿರಿಗೆ. ನನ್ನ ತಾಯಿ ಅಪ್ಪನ ಲಗ್ನದ ಹೆಂಡತಿಯಲ್ಲ, ಮನೆಯಲ್ಲಿ ಹಾಲು ಕರೆಯುತ್ತಿದ್ದವಳು. ಆದರೇನು? ಅಪ್ಪ ನನ್ನ ಕೈಹಿಡಿದು ಇಗರ್ಜಿಗೆ ನಡೆಸಿ, ಊರೆದುರು ‘ಇವನು ನನ್ನ ಮಗ’ ಅಂದಿದ್ದ. ನಮ್ಮ ಪದ್ಧತಿಯಲ್ಲಿ ಅಷ್ಟು ಸಾಕು. ಅಣ್ಣ ಟುಡುರ್‌ಗೂ ನನಗೂ ಸಮಪಾಲು. ಒಲೆಯಿರುವ ಮನೆ ಕಿರಿಯವನಾದ ನನಗೆ.

ಆಮೇಲೆ ಇಂಗ್ಲಿಷರ ಕಾನೂನು ಬಂತು. ಅಪ್ಪನ ನಂತರ ಜಮೀನು ಯಾರಿಗೆಂದು ಬರೆಸಲು ಅಪ್ಪ, ಅಣ್ಣ, ನಾನು ಮೂವರೂ ಕೋರ್ಟಿಗೆ ಹೋದೆವು. ಟುಡುರ್ ವಂಶಾವಳಿ ಶುರುಮಾಡುತ್ತಲೇ ಗುಮಾಸ್ತ ಆಕಳಿಸಿದ.

“ಇದೇನು ಹೆಸರೋ, ಕುರಿಮಂದೆಯೋ? ಒಂದೇ ಒಂದು ಇಟ್ಕೋ ಮಾರಾಯ. ಇನ್ಮೇಲೆ ಮಕ್ಕಳು ಮರಿಮಕ್ಕಳಿಗೂ ಅದೇ.”

ದಾರಿಯಲ್ಲೇ ಮಾತಾಡಿಕೊಂಡಿದ್ದೆವು: ಅಬ್ ಐನಿಯನ್ ಅನ್ನುವುದನ್ನೇ ಕುಗ್ಗಿಸಿ ಬೈನನ್ ಮಾಡುವುದು, ಇಬ್ಬರೂ ಅದನ್ನೇ ಇಟ್ಟುಕೊಳ್ಳುವುದು. ಅಣ್ಣ ‘ಟುಡುರ್ ಬೈನನ್’ ಎಂದು ಬರೆಸಿದ. ನಾನು ಮುಂದೆ ಬಂದೆ.

“ಮೈರಿಗ್ ಬೈನನ್.”

“ಇವನೂ ಮಗನಾ?” ಗುಮಾಸ್ತ ಟುಡುರ್‌ನನ್ನು ಕೇಳಿದ.

“ಅಲ್ಲ ಸ್ವಾಮಿ. ಹಾಲು ಕರೆಯೋಳ ಮಗ.”

ತಮಾಷೆ ಅಂದುಕೊಂಡು ನಕ್ಕುಬಿಟ್ಟೆ. ಅಣ್ಣ ನಗಲಿಲ್ಲ.

“ಅಪ್ಪಾ, ನೀನೇ ಹೇಳು. ನನ್ನನ್ನ ಇಗರ್ಜಿಗೆ ಕರ್ಕೊಂಡು ಹೋಗಿರ್ಲಿಲ್ವಾ?”

ಅಪ್ಪ ಕೈಯಲ್ಲಿದ್ದ ಟೋಪಿ ತಿರುಗಿಸಿದ. “ಒಳ್ಳೇ ಹುಡುಗ ಸ್ವಾಮಿ. ಮೈಗಳ್ಳ ಅಲ್ಲ.”

ಜಮೀನು ಒಡೆಯಬಾರದೆಂದು ಅವರಿಬ್ಬರೂ ಮೊದಲೇ ತೀರ್ಮಾನಿಸಿದ್ದರು. ಟುಡುರ್‌ನದು ದುರಾಸೆ, ಅದು ಅರ್ಥವಾಗುತ್ತದೆ. ಅಪ್ಪ ಮಾತ್ರ ತಾನೇ ಹಿಡಿದ ಕೈಯನ್ನು ಬಿಟ್ಟ.

ಮನೆಗೆ ಬಂದಾಗ ಒಲೆ ಆರಿತ್ತು. ಅಪ್ಪ ಓಟ್ಸ್ ರೊಟ್ಟಿ ಮುರಿದು, ಎಂದಿನಂತೆ ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದ.

“ತಿನ್ನು ಮಗಾ. ಆಮೇಲೆ ಒಲೆ ಹಚ್ಚು, ಚಳಿ.”

ಮಗಾ! ಕೋರ್ಟಿನಲ್ಲಿ ಆ ಒಂದು ಮಾತಿಗಾಗಿ ಬಾಯಿಬಿಟ್ಟುಕೊಂಡು ನಿಂತಿದ್ದೆನಲ್ಲ.

ರೊಟ್ಟಿ ಮುಟ್ಟಲಿಲ್ಲ. ಒಲೆ ಹಚ್ಚಿ, ಬಾಗಿಲ ಬಳಿ ಹೋಗಿ ನಿಂತು ಟೋಪಿ ತೆಗೆದೆ.

“ಹಚ್ಚಿದೀನಿ, ಧಣಿ” ಅಂದೆ.